ಸಂಬಳದ ಮನೆಯ ಲೆಕ್ಕ

ಮುಂಬಯಿ ಸರಕಾರವು 1921ರಲ್ಲಿ ಲೇಬರ್ ಆಫೀಸನ್ನು ತೆರೆಯಿತು. ನಗರದ ಕಾರ್ಮಿಕ ಕುಟುಂಬಗಳ ಆಯವ್ಯಯವನ್ನು ಕುರಿತು ಫಿಂಡ್ಲೆ ಶಿರಾಸರು ಸಿದ್ಧಪಡಿಸಿದ ವರದಿ 1923ರಲ್ಲಿ ಹೊರಬಂದಿತು. ಕಾರ್ಮಿಕನ ಆಹಾರವು ಜೈಲಿನ ಕೈಪಿಡಿಯಲ್ಲಿ ಕೈದಿಗೆ ಗೊತ್ತುಮಾಡಿದ ಪ್ರಮಾಣಕ್ಕಿಂತಲೂ ಕಡಿಮೆಯೆಂದು ಅದರಲ್ಲಿ ಹೇಳಿದ್ದುದು ಬಹುಕಾಲ ಚರ್ಚೆಗೆ ಗ್ರಾಸವಾಯಿತು. ಬಡವನ ಮನೆಯ ಒಲೆ ಸರಕಾರದ ಅಂಕಿಗಳೊಳಗೆ ಪ್ರವೇಶಿಸಿದುದು ಹೀಗೆ. ಆದರೆ ಆ ಅಂಕಿಗಳಿಗೆ ಸಿಕ್ಕಿದುದು ಕೊಂಡ ವಸ್ತು ಮಾತ್ರ. ಕೊಳ್ಳದೆ ನಡೆಸಿದುದು ಸಿಗಲಿಲ್ಲ. ಗೊತ್ತಾದ ಸಂಬಳದ ಗುಮಾಸ್ತ ಕುಟುಂಬದ ಇತಿಹಾಸವನ್ನು ಬರೆಯಹೊರಟವನಿಗೆ ಎದುರಾಗುವ ಮುಖ್ಯ ತೊಡಕು ಇದೇ.

ಇಂಥ ಕುಟುಂಬಗಳಲ್ಲಿ ಕನ್ನಡಿಗರದು ಗಣನೀಯ ಪಾಲು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿ. ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದರೂ ಅಲ್ಲಿಯ ತರುಣರು ಹೋಟೆಲಿಗೂ ಬ್ಯಾಂಕಿಗೂ ಕಚೇರಿಗೂ ಇಲ್ಲಿಗೇ ಬಂದರು. ಮೊದಲು ಗಂಡಸು ಖಾನಾವಳಿಯಲ್ಲಿ ಉಂಡು ಊರಿಗೆ ಮನಿಯಾರ್ಡರು ಕಳುಹಿಸುತ್ತಿದ್ದನು. ಚಾಳಿನಲ್ಲೊಂದು ಖೋಲಿ ದೊರೆತ ತರುವಾಯ ಹೆಂಡತಿ ಬಂದಳು. ಮಧ್ಯಮವರ್ಗದ ಗೃಹಕೃತ್ಯದ ಚರಿತ್ರೆ ಆರಂಭವಾಗುವುದು ಆಕೆ ಬಂದ ಮೇಲೆ.

ಗೃಹಿಣಿಯ ಲೆಕ್ಕ ನಮ್ಮಲ್ಲಿ ಹೊಸದೇನಲ್ಲ. ವಾತ್ಸ್ಯಾಯನನ ಕಾಮಸೂತ್ರವು ವರ್ಷದ ಆದಾಯವನ್ನು ಎಣಿಸಿ ಅದಕ್ಕೆ ತಕ್ಕಂತೆ ವ್ಯಯ ಮಾಡುವ ಹೊಣೆಯನ್ನು ಹೆಂಡತಿಗೇ ವಹಿಸುತ್ತದೆ. ಆ ಗ್ರಂಥದ ಹೆಸರು ಕೇಳಿದೊಡನೆ ಬೇರೆ ವಿಷಯವನ್ನೇ ನೆನೆಯುವವರು ಈ ಭಾಗವನ್ನು ಓದಿರುವುದು ವಿರಳ. ಆದರೆ ವಾತ್ಸ್ಯಾಯನನ ನಾಗರಕನ ಮನೆಗೆ ತೋಟವಿತ್ತು, ಕಣಜವಿತ್ತು. ಮುಂಬಯಿಯ ಖೋಲಿಗೆ ಇದ್ದುದು ತಿಂಗಳ ಮೊದಲ ದಿನ ಮಾತ್ರ.

ಏರದ ಬೆಲೆಯೊಂದಿತ್ತು, ಅದು ಬಾಡಿಗೆ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು 1940ರ ಸೆಪ್ಟೆಂಬರಿನ ದರವನ್ನೇ ಆಧಾರವಾಗಿ ಹಿಡಿಯಿತು. ಹಳೆಯ ಬಿಡಾರದವರಿಗೆ ಇದು ವರವಾಯಿತು. ಹೊಸದಾಗಿ ಬಂದವರು ಮಾತ್ರ ಪಗಡಿ ತೆರಬೇಕಾಯಿತು. ಉಳಿದ ಬೆಲೆಗಳಿಗೆ ಇಂಥ ಕಟ್ಟು ಇರಲಿಲ್ಲ. ಯುದ್ಧದ ನಡುವೆ, 1943ರ ಮೇ ತಿಂಗಳಲ್ಲಿ, ಮುಂಬಯಿಗೆ ರೇಷನ್ ಬಂದಿತು. 1947ರ ಡಿಸೆಂಬರಿನಲ್ಲಿ ನಿಯಂತ್ರಣವನ್ನು ಸಡಿಲಿಸಿ ಮರುವರ್ಷ ಮತ್ತೆ ಬಿಗಿದರು. ರಫಿ ಅಹಮದ್ ಕಿದ್ವಾಯಿಯವರು ಆಹಾರ ಮಂತ್ರಿಗಳಾಗಿದ್ದಾಗ, 1954ರಲ್ಲಿ, ಧಾನ್ಯವು ಮುಕ್ತವಾಯಿತು. ಅಷ್ಟು ವರ್ಷ ಜೋಳದವರೂ ಕುಚ್ಚಲಕ್ಕಿಯವರೂ ತಮಗೆ ಒಗ್ಗಿದ ಧಾನ್ಯವನ್ನು ಬಿಟ್ಟು ಅಂಗಡಿಯಲ್ಲಿ ಅಳೆದುಕೊಟ್ಟುದಕ್ಕೆ ಅಡುಗೆಯನ್ನು ಹೊಂದಿಸಿಕೊಳ್ಳಬೇಕಾಯಿತು. ಕಲ್ಲು ಆರಿಸುವ, ಹೊಟ್ಟು ಕೇರುವ ಕೆಲಸ ಮನೆಯದಾಯಿತು.

ಕೊಳ್ಳದೆ ನಡೆಸಿದ ಬಾಳ್ವೆಯ ಸ್ವರೂಪವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಹೀರೆಕಾಯಿಯ ತಿರುಳು ಪಲ್ಯಕ್ಕಾದರೆ ಸಿಪ್ಪೆ ಚಟ್ನಿಗೆ. ಕಲ್ಲಂಗಡಿ ಹಣ್ಣನ್ನು ತಿಂದ ಮೇಲೆ ಅದರ ಬಿಳಿಯ ಭಾಗವನ್ನು ಅಕ್ಕಿಯೊಡನೆ ಅರೆದು ದೋಸೆ ಹೊಯ್ಯುವುದು ಕರಾವಳಿಯವರ ಪದ್ಧತಿ. ಬಯಲುಸೀಮೆಯವರ ಕಟಕ ರೊಟ್ಟಿ ವಾರಗಟ್ಟಲೆ ಕೆಡದು. ಒಮ್ಮೆ ಹೊತ್ತಿಸಿದ ಒಲೆಯಲ್ಲಿ ಹಲವು ದಿನದ ಅಡುಗೆ ಆದಂತೆ. ಸಿಗಡಿಗೆ ತಂದ ಇದ್ದಲಿನ ಚೀಲದ ತಳದಲ್ಲುಳಿದ ಪುಡಿಯನ್ನು ಮಣ್ಣು ಸೆಗಣಿಗಳೊಡನೆ ಕಲಸಿ, ಉಂಡೆ ಕಟ್ಟಿ, ಒಣಗಿಸಿ ಉರಿಸುತ್ತಿದ್ದರು. ಬೇಸಗೆಯಲ್ಲಿ ಚಾಳಿನ ಗಚ್ಚಿಯ ಮೇಲೆ ಹಪ್ಪಳ ಸಂಡಿಗೆ ಹರಡುತ್ತಿದ್ದವು. ಊರಿನಿಂದ ಬರುವವರ ಗಂಟಿನಲ್ಲಿ ಬ್ಯಾಡಗಿ ಮೆಣಸಿನಕಾಯಿ, ಹುಣಿಸೆ, ಬೆಲ್ಲ ಇರುತ್ತಿದ್ದವು. ಮನಿಯಾರ್ಡರಿಗೆ ಊರು ಕೊಟ್ಟ ಮರುಪಾವತಿ ಅದು. ಸೀರೆ ಹರಿದರೆ ಅದರ ಗಟ್ಟಿ ಭಾಗ ಮಗಳ ಲಂಗವಾಗುವುದು. ಪದರಗಟ್ಟಿದ ಹಳೆಯ ಸೀರೆಗಳು ಕೌದಿಯಾಗುವುವು. ಆದರೆ ಇದೇ ಹಳೆಯ ಬಟ್ಟೆಗೆ ಪಾತ್ರೆ ಕೊಡುವ ವಾಘರಿ ಹೆಂಗಸರು ಚಾಳಿನ ಬಾಗಿಲಿಗೆ ಬರುತ್ತಿದ್ದರು. ಕೌದಿಯೋ ಪಾತ್ರೆಯೋ ಎಂಬ ನಿರ್ಣಯವು ಬ್ಯಾಂಕಿನ ಯಾವ ಸಾಲಮಂಜೂರಾತಿಗೂ ಕಡಿಮೆಯಾದ ಲೆಕ್ಕಾಚಾರವಲ್ಲ.

1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ ಈ ಲೆಕ್ಕ ಇನ್ನಷ್ಟು ಸೂಕ್ಷ್ಮವಾಯಿತು. ಪರಿವರ್ತನೆಯ ಕೋಷ್ಟಕದಲ್ಲಿ ಒಂದಾಣೆಗೆ 6, ಮೂರಾಣೆಗೆ 19 ನಯಾಪೈಸೆ. ಒಂದಾಣೆಯ ಪದಾರ್ಥವನ್ನು ಮೂರು ಸಲ ಕೊಂಡರೆ 18, ಒಟ್ಟಿಗೆ ಕೊಂಡರೆ 19! ಅನಂತರ ಸೇರಿನ ಬದಲು ಕಿಲೋ ಬಂದಿತು. ಎಂಬತ್ತು ತೊಲೆಯ ಸೇರು 933 ಗ್ರಾಂ. ಸೇರಿನ ಬೆಲೆಗಿಂತ ಕಿಲೋದ ಬೆಲೆ ಎಷ್ಟು ಹೆಚ್ಚಿದರೆ ನ್ಯಾಯ, ಎಷ್ಟಾದರೆ ಮೋಸ ಎಂಬುದನ್ನು ಅಂಗಡಿಯ ಕಟ್ಟೆಯಲ್ಲಿ ನಿಂತು ಆಕೆಯೇ ತೂಗಿನೋಡಬೇಕಿತ್ತು.

ಇತ್ತ ಗಂಡನ ಸಂಬಳ ನ್ಯಾಯಮಂಡಳಿಗಳ ಮುಂದಿತ್ತು. ಬ್ಯಾಂಕ್ ನೌಕರರಿಗೆ 1950ರಲ್ಲಿ ಬಂದ ಸೇನ್ ತೀರ್ಪು ಮರುವರ್ಷ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. 1953ರಲ್ಲಿ ಶಾಸ್ತ್ರಿ ತೀರ್ಪು ಬಂದಿತು. ಮೇಲ್ಮನವಿ ಮಂಡಳಿಯ ನಿರ್ಣಯವನ್ನು ಸರಕಾರ 1954ರಲ್ಲಿ ಮಾರ್ಪಡಿಸಿದಾಗ ಕಾರ್ಮಿಕ ಮಂತ್ರಿ ವಿ. ವಿ. ಗಿರಿಯವರು ರಾಜೀನಾಮೆ ಕೊಟ್ಟರು. 1962ರಲ್ಲಿ ದೇಸಾಯಿ ತೀರ್ಪು ಬಂದಿತು. ಬೆಲೆ ಏರಿ, ಸೂಚ್ಯಂಕ ಏರಿ, ಆಮೇಲೆ ತುಟ್ಟಿಭತ್ತೆ ಏರಬೇಕು. ನಡುವಣ ತಿಂಗಳುಗಳನ್ನು ದಾಟಿಸಿದುದು ಗಚ್ಚಿಯ ಮೇಲಿನ ಸಂಡಿಗೆ, ವಾಣಿಯ ಅಂಗಡಿಯ ಉದ್ರಿ.

1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಅಗತ್ಯಾಧಾರಿತ ಕನಿಷ್ಠ ವೇತನಕ್ಕೆ ಒಂದು ಸೂತ್ರವನ್ನು ಒಪ್ಪಿತು. ದುಡಿಯುವವನೊಬ್ಬನಿಗೆ ಮೂರು ಬಳಕೆಯ ಘಟಕ: ಗಂಡಸು 1, ಹೆಂಗಸು 0.8, ಇಬ್ಬರು ಮಕ್ಕಳು ತಲಾ 0.6. ಪ್ರತಿಯೊಬ್ಬರಿಗೆ ವರ್ಷಕ್ಕೆ 18 ಗಜ ಬಟ್ಟೆ. ಇಂಧನ, ದೀಪ, ಇತರ ಬಾಬುಗಳಿಗೆ ಒಟ್ಟು ವೇತನದ ಶೇಕಡಾ 20. ಹೆಂಗಸರ ಮಕ್ಕಳ ಗಳಿಕೆಯನ್ನು ಪರಿಗಣಿಸಕೂಡದು. ಒಬ್ಬನ ವೇತನದಿಂದಲೇ ಕುಟುಂಬ ಬದುಕಬೇಕೆಂಬ ಈ ಆಶಯ ಉದಾರವಾದುದೇ ಸರಿ. ಆದರೂ ಹೆಂಗಸು ಸೂತ್ರದೊಳಗೆ ಬಂದುದು ಉಣ್ಣುವವಳಾಗಿ; ಆ 18 ಗಜವನ್ನು ಲಂಗಕ್ಕೂ ಕೌದಿಗೂ ಎಳೆದವಳಾಗಿ ಅಲ್ಲ. ಮಕ್ಕಳ ವಿದ್ಯೆ, ಔಷಧ, ಹಬ್ಬ, ಮುಪ್ಪು, ಮದುವೆಗಳಿಗೆ ಸೂತ್ರದಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಇವುಗಳಿಗಾಗಿ ಶೇಕಡಾ 25ನ್ನು ಸುಪ್ರೀಂ ಕೋರ್ಟು ಸೇರಿಸಿದುದು 1991ರ ರಾಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ. ಮೂವತ್ತನಾಲ್ಕು ವರ್ಷ ಈ ವೆಚ್ಚಗಳಿಗೆ ಹಣ ಎಲ್ಲಿಂದ ಬಂದಿತು? ಸಾಲದಿಂದ ಸ್ವಲ್ಪ, ಚೀಟಿಯಿಂದ ಸ್ವಲ್ಪ. ಬಹುಪಾಲು ಮೇಲೆ ಹೇಳಿದ ದುಡಿಮೆಯಿಂದ. ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಗೆ ದಿನಕ್ಕೆ ಎರಡಾಣೆ ಸಾಕಾಗಿತ್ತು, ಅದನ್ನು ಏಜೆಂಟನು ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದನು. ಎರಡಾಣೆ ಉಳಿಯುವುದು ಅಡುಗೆಮನೆಯಲ್ಲಿ ಎಂಬುದನ್ನು ಆ ಬ್ಯಾಂಕಿನವರು ಅರ್ಥಶಾಸ್ತ್ರಜ್ಞರಿಗಿಂತ ಮೊದಲೇ ಅರಿತಿದ್ದರು.

ಈ ದುಡಿಮೆಗೆ ಬೆಲೆಯಿದೆ ಎಂಬುದು ಗಿರಗಾಂವಿಯ ಒಂದು ಗಚ್ಚಿಯ ಮೇಲೆ ತೋರಿಬಂದಿತು. 1959ರ ಮಾರ್ಚ್ 15ರಂದು ಜಸ್ವಂತಿಬೆನ್ ಪೋಪಟರೂ ಸೇರಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಲಿಜ್ಜತ್ ಸಂಸ್ಥೆ ಹುಟ್ಟಿದುದು ಅಂದು. ಮನೆಗಾಗಿ ಲಟ್ಟಿಸಿದರೆ ಲೆಕ್ಕಕ್ಕೆ ಬಾರದ ಅದೇ ಕೆಲಸಕ್ಕೆ ಮಜೂರಿಯ ದರ ಗೊತ್ತಾಯಿತು. 1972ರಲ್ಲಿ ಮೃಣಾಲ ಗೋರೆ, ಅಹಿಲ್ಯಾ ರಾಂಗಣೇಕರ್ ಮೊದಲಾದವರ ಮುಂದಾಳುತನದಲ್ಲಿ ಬೆಲೆಯೇರಿಕೆಯ ವಿರುದ್ಧ ಮಹಿಳೆಯರ ಸಮಿತಿ ಏರ್ಪಟ್ಟಿತು. ಆ ಚಳುವಳಿಯಲ್ಲಿ ಮುಂಬಯಿಯ ಗೃಹಿಣಿಯರು ಲಟ್ಟಣಿಗೆಯಿಂದ ತಾಟು ಬಡಿಯುತ್ತ ಬೀದಿಗಿಳಿದರು. ಅವರು ಕೇಳಿದುದು ಧಾನ್ಯ, ಸಕ್ಕರೆ, ಎಣ್ಣೆ, ಸೀಮೆಎಣ್ಣೆ.