ನವೆಂಬರ್ 1: ಒಂದು ತಾರೀಖಿನ ಚರಿತ್ರೆ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಚಿಕೆ ಸಮಿತಿಯವರು ಕೇಳಿದರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಬಂದವರು. ಆದರೂ ಚರಿತ್ರೆ ಎಂದರೆ ಸ್ಕೂಲಿನ ಕಾಲದಿಂದಲೂ ಆಸೆ. ಪ್ರತಿ ವರ್ಷ ನವೆಂಬರ್ 1ರಂದು ಬಾವುಟ ಏರಿಸುತ್ತೇವೆ, ಸಿಹಿ ಹಂಚುತ್ತೇವೆ. ಆ ತಾರೀಖಿನಲ್ಲಿ ನಮ್ಮ ದೇಶದಲ್ಲಿ ಏನೇನು ನಡೆದಿದೆ ಎಂದು ಒಟ್ಟುಗೂಡಿಸಿ ನೋಡಿದಾಗ ನಮಗೇ ಆಶ್ಚರ್ಯವಾಯಿತು. ಅದನ್ನೇ ಇಲ್ಲಿ ನಾಲ್ಕು ಮಾತಿನಲ್ಲಿ ಬರೆದಿದ್ದೇವೆ.

ಮೊದಲನೆಯದು 1858. ಹಿಂದಿನ ವರ್ಷ ಸಿಪಾಯಿಗಳು ದಂಗೆ ಎದ್ದಿದ್ದರು. ಕಂಪನಿ ಸರ್ಕಾರ ಹೋಯಿತು. ಆ ವರ್ಷದ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಸಾರಿದ. ದೇಶೀ ರಾಜರ ಜೊತೆಗಿನ ಒಪ್ಪಂದಗಳನ್ನು ಉಳಿಸಿಕೊಳ್ಳುತ್ತೇವೆ, ಇನ್ನು ಮೇಲೆ ರಾಜ್ಯಗಳನ್ನು ನುಂಗುವುದಿಲ್ಲ ಎಂದು ಅದರಲ್ಲಿ ಮಾತು ಕೊಟ್ಟಿದ್ದರು. ಆಗ ನಮ್ಮ ಮೈಸೂರು ಸೀಮೆ 1831ರಿಂದಲೂ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಅದು ಮತ್ತೆ ಅರಸರಿಗೆ ಸಿಕ್ಕಿದ್ದು 1881ರಲ್ಲಿ.

ಎರಡನೆಯದು 1954. ಸ್ವಾತಂತ್ರ್ಯ ಬಂದು ಏಳು ವರ್ಷವಾಗಿದ್ದರೂ ಪಾಂಡಿಚೇರಿ, ಕಾರೈಕಲ್, ಮಾಹೆ, ಯಾನಾಂ ಇನ್ನೂ ಫ್ರೆಂಚರ ಕೈಯಲ್ಲಿದ್ದವು. ಆ ವರ್ಷದ ನವೆಂಬರ್ 1ರಂದು ಅಲ್ಲಿನ ಆಡಳಿತ ನಮ್ಮ ದೇಶಕ್ಕೆ ಬಂತು. ಕಾನೂನಿನ ಪ್ರಕಾರ ಪೂರ್ತಿ ಸೇರಿದ್ದು ಮಾತ್ರ 1962ರಲ್ಲಿ.

ಮೂರನೆಯದೇ ನಮ್ಮ 1956. ಅವತ್ತು ಇಡೀ ದೇಶದ ನಕ್ಷೆಯೇ ಬದಲಾಯಿತು. 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶಗಳಾದವು. ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶ ಹುಟ್ಟಿದ್ದೂ ಅದೇ ದಿನ. ಕನ್ನಡಿಗರ ವಿಶಾಲ ಮೈಸೂರು ರಾಜ್ಯವನ್ನು ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಬೆಂಗಳೂರಿಗೆ ಬಂದು ಉದ್ಘಾಟಿಸಿದರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ, ಜಯಚಾಮರಾಜ ಒಡೆಯರು ರಾಜ್ಯಪಾಲರು. ಮುಂಬಯಿ ಕಡೆಯಿಂದ ಧಾರವಾಡ, ವಿಜಾಪುರ, ಉತ್ತರ ಕನ್ನಡ ಮತ್ತು ಬೆಳಗಾವಿಯ ಬಹುಭಾಗ, ಹೈದರಾಬಾದಿನಿಂದ ಬೀದರ್, ಗುಲ್ಬರ್ಗ, ರಾಯಚೂರು, ಮದ್ರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು, ಇಷ್ಟೂ ಬಂದು ನಮ್ಮ ಜೊತೆ ಸೇರಿದವು.

ಕೊಳ್ಳೇಗಾಲದ ಹೆಸರು ಕೇಳಿ ನಮ್ಮ ಹುಡುಗರು ನಗಬಹುದು. ಶಿವನಸಮುದ್ರದ ಹತ್ತಿರ ಹೊಳೆ ದಾಟಿದರೆ ಕೊಳ್ಳೇಗಾಲ. ಅದು ಮದ್ರಾಸಿಗೆ ಸೇರಿತ್ತೇ? ಹೌದು, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಶಿಂಷಾ ಹೋಗಿ ಸೇರುವ ಕಾವೇರಿಯ ಆಚೆ ದಡ ಬೇರೆ ಸರ್ಕಾರದ್ದು. ನಮ್ಮ ಅಜ್ಜಿ ಚಿಕ್ಕಂದಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಪರಸೆ ಹೋದದ್ದನ್ನು ಹೇಳುವಾಗ, “ಆಗ ಮಾದಪ್ಪನ್ನ ನೋಡ್ಬೇಕು ಅಂದ್ರೆ ಮದ್ರಾಸ್ ಸೀಮೆಗೇ ಹೋಗ್ಬೇಕಾಗಿತ್ತು ಕಣಪ್ಪ” ಅನ್ನೋರು. ದೇವರು ನಮ್ಮವನು, ಭಾಷೆ ನಮ್ಮದು, ಸರ್ಕಾರ ಮಾತ್ರ ಬೇರೆ.

ಆ ದಿನ ಎಲ್ಲರ ಪಾಲಿಗೂ ಹಬ್ಬವಾಗಲಿಲ್ಲ. ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು ಅದೇ ದಿನ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ನಮಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಹೋರಾಡಿ, ನೂರು ವರ್ಷ ಬಾಳಿ, 2015ರಲ್ಲಿ ತೀರಿಕೊಂಡರು. ನಾವು ಬಾವುಟ ಏರಿಸುವಾಗ ಅಲ್ಲಿನ ಕನ್ನಡಿಗರನ್ನೂ ಒಂದು ಗಳಿಗೆ ನೆನೆಯಬೇಕು.

ಆಮೇಲೆಯೂ ಈ ತಾರೀಖು ಸುಮ್ಮನಿರಲಿಲ್ಲ. 1966ರಲ್ಲಿ ಪಂಜಾಬಿನಿಂದ ಹರಿಯಾಣ ಬೇರೆಯಾಯಿತು. 1973ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 2000ದಲ್ಲಿ ಮಧ್ಯಪ್ರದೇಶದಿಂದ ಛತ್ತೀಸಗಢ ಒಡೆಯಿತು. 2014ರಲ್ಲಿ ಬೆಂಗಳೂರು, ಮೈಸೂರು ಸೇರಿ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಣೆಯಂತೆ ಬರೆಯುವ ಆದೇಶ ಜಾರಿಗೆ ಬಂತು. ಒಂದೇ ತಾರೀಖು, ಕೂಡಿದವರೂ ಉಂಟು, ಒಡೆದವರೂ ಉಂಟು.

ಇಷ್ಟೆಲ್ಲ ಬರೆದದ್ದಕ್ಕೆ ಒಂದು ಕಾರಣ ಇದೆ. ಏಕೀಕರಣಕ್ಕೆ ಅಡ್ಡಿ ಬರೀ ಹೊರಗಿನವರಿಂದ ಬಂತು ಎಂದು ತಿಳಿಯಬಾರದು. ನಮ್ಮ ಹಳೇ ಮೈಸೂರಿನ ಕಡೆಯೇ ಬೇಡ ಅಂದವರು ಬಹಳ ಜನ. ಕಟ್ಟೆ ನೀರು, ಕರೆಂಟು, ಕಾರ್ಖಾನೆ ಎಲ್ಲ ಇರುವ ನಾವು ಹಿಂದುಳಿದ ಜಿಲ್ಲೆಗಳ ಭಾರ ಯಾಕೆ ಹೊರಬೇಕು ಎಂಬ ವಾದ ಅವರದು. ಕೆಂಗಲ್ ಹನುಮಂತಯ್ಯನವರು ತಮ್ಮ ಕಡೆಯವರನ್ನೇ ಎದುರು ಹಾಕಿಕೊಂಡು ಏಕೀಕರಣದ ಪರ ನಿಂತರು. ನವೆಂಬರ್ 1 ಬಂದಾಗ ಅವರು ಕುರ್ಚಿಯಲ್ಲಿ ಇರಲಿಲ್ಲ. ಆಗಸ್ಟ್ ತಿಂಗಳಲ್ಲೇ ಅಧಿಕಾರ ಬಿಟ್ಟಿದ್ದರು.

ಇದನ್ನು ಓದಿದಾಗ ನಮಗೆ ನಮ್ಮ ಸಂಘದ ಒಂದು ಸಭೆ ನೆನಪಾಗಿ ನಾಚಿಕೆಯಾಯಿತು. ಮಳೆ ಕೈಕೊಟ್ಟ ವರ್ಷ. ಮೇಲಿನ ಬೀದಿಯ ಕೆಲವರು ಸಾಲ ಕಟ್ಟಿರಲಿಲ್ಲ. “ಅವರ ಬಾಕಿಗೆ ನಮ್ಮ ಡಿವಿಡೆಂಡ್ ಯಾಕೆ ಹೋಗ್ಬೇಕು? ಸಂಘ ಎರಡು ಮಾಡಿ” ಎಂಬ ಕೂಗು ಎದ್ದಿತು. ಅವತ್ತು ಕೈ ಎತ್ತಿದವರಲ್ಲಿ ನಾವೂ ಒಬ್ಬರು. ಆಗ ಹಿರಿಯ ಸದಸ್ಯರೊಬ್ಬರು ಎದ್ದು, “ಒಡೆಯಾಕೆ ಒಂದು ಗಳಿಗೆ ಸಾಕು. ಕಟ್ಟಾಕೆ ಎಷ್ಟು ವರ್ಷ ಆಯ್ತು, ಲೆಕ್ಕ ಹಾಕ್ರಪ್ಪ” ಅಂದರು. ಸಭೆ ತಣ್ಣಗಾಯಿತು. ಎರಡು ಬೆಳೆಯ ಗಡುವು ಕೊಟ್ಟೆವು. ಹೆಚ್ಚಿನವರು ಕಟ್ಟಿದರು. ಅವತ್ತು ಒಡೆದಿದ್ದರೆ ಇವತ್ತು ಈ ಸಂಚಿಕೆಯೂ ಇರುತ್ತಿರಲಿಲ್ಲ.

ಸಹಕಾರದ ಚರಿತ್ರೆಯೂ ಇದನ್ನೇ ಹೇಳುತ್ತದೆ. ದೇಶದಲ್ಲೇ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದರು. ಅದು ಆಗ ಮುಂಬಯಿ ಪ್ರಾಂತ್ಯ. ಕಣಗಿನಹಾಳದವರೂ ನಾವೂ ಒಂದೇ ರಾಜ್ಯದವರಾದದ್ದು 1956ರ ಆ ದಿನ. ಆಗಲೂ ಒಂದೊಂದು ಭಾಗಕ್ಕೆ ಒಂದೊಂದು ಸಹಕಾರ ಕಾನೂನು. ಇಡೀ ರಾಜ್ಯಕ್ಕೆ ಒಂದೇ ಆಗಿ 1959ರ ಕಾಯಿದೆ ಜಾರಿಗೆ ಬಂದದ್ದು 1960ರ ಜೂನ್ 1ರಂದು. ಇವತ್ತಿಗೂ ನಮ್ಮ ಸಂಘಗಳ ಬುಡ ಆ ಕಾಯಿದೆಯೇ. ನಕ್ಷೆ ಒಂದು ದಿನದಲ್ಲಿ ಸೇರಿತು, ಕಾನೂನು ಸೇರಲು ಮೂರೂವರೆ ವರ್ಷ ಹಿಡಿಯಿತು. ಮನಸ್ಸು ಸೇರುವ ಕೆಲಸ ಇನ್ನೂ ನಡೆಯುತ್ತಲೇ ಇದೆ.

ಕೂಡಿ ಬಾಳುವುದು ಎಂದರೆ ಸ್ವಲ್ಪ ನಷ್ಟ ಸಹಿಸುವುದು ಅಂತ ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಜ್ಜಾರ್ಲೆ, ಕೊಕ್ಕರೆಗಳು ಹುಣಸೆ ಮರದಲ್ಲಿ ಗೂಡು ಕಟ್ಟಿದರೆ ಹುಣಸೆಹಣ್ಣಿನ ಫಸಲು ಕೈಗೆ ಬರುವುದು ಕಮ್ಮಿ. ಆದರೂ ನಮ್ಮ ಹಿರಿಯರು ಅವನ್ನು ಓಡಿಸಲಿಲ್ಲ, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂದರು. ಹಕ್ಕಿಯ ಹಿಕ್ಕೆ ಗೊಬ್ಬರವಾಗಿ ಹೊಲಕ್ಕೇ ಬಂತು. ಊರಿನ ಹೆಸರೂ ದೇಶಕ್ಕೆಲ್ಲ ಗೊತ್ತಾಯಿತು.

ಬೆಳ್ಳಿ ಹಬ್ಬದ ದಿನ ಒಂದು. ಅದಕ್ಕೆ ಬೇಕಾದದ್ದು 25 ವರ್ಷದ ದಿನಗಳು. ಮುಂದಿನ ನವೆಂಬರ್ 1ಕ್ಕೆ ಬಾವುಟ ಏರಿಸುವಾಗ ಮೇಲಿನ ಬೀದಿ, ಕೆಳಗಿನ ಬೀದಿ ಎನ್ನದೆ ಎಲ್ಲರೂ ಸಂಘದ ಮುಂದೆ ಬಂದು ನಿಲ್ಲಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.