ರಂಜಕದ ದವಡೆ: ಒಂದು ವೃತ್ತಿರೋಗದ ಚರಿತ್ರೆ

ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಶಸ್ತ್ರವೈದ್ಯರಿಗೆ ದವಡೆಯ ಮೂಳೆ ಕೊಳೆಯುವುದು ಹೊಸ ಸಂಗತಿಯಾಗಿರಲಿಲ್ಲ. ಕ್ಷಯದಿಂದ, ಉಪದಂಶದಿಂದ, ಅದಕ್ಕೆ ಕೊಡುತ್ತಿದ್ದ ಪಾದರಸದಿಂದ ಹಾಗಾಗುವುದನ್ನು ಅವರು ಬಲ್ಲವರಾಗಿದ್ದರು. ಆದುದರಿಂದಲೇ ಬೆಂಕಿಕಡ್ಡಿಯ ಕಾರ್ಖಾನೆಗಳಿಂದ ಬಂದ ರೋಗಿಗಳಲ್ಲಿ ಬೇರೆಯೇ ಒಂದು ವ್ಯಾಧಿಯನ್ನು ಗುರುತಿಸಲು ಕೆಲವು ವರ್ಷಗಳು ಹಿಡಿದುವು. ಬಿಳಿ ರಂಜಕದ ಕಡ್ಡಿಗಳು 1830ರ ದಶಕದಲ್ಲಿ ಬಳಕೆಗೆ ಬಂದುವು. ವಿಯೆನ್ನಾದ ಲೋರಿನ್ಸರ್ ಈ ರೋಗವನ್ನು ವರ್ಣಿಸಿದುದು 1845ರಲ್ಲಿ. ಎರಡು ವರ್ಷಗಳ ತರುವಾಯ ರಸಾಯನಜ್ಞನಾದ ಬೀಬ್ರಾ ಮತ್ತು ವೈದ್ಯನಾದ ಗೈಸ್ಟ್ ಇದನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು.

ರೋಗದ ಆರಂಭ ತೀರ ಸಾಮಾನ್ಯವಾದುದು: ಹಲ್ಲುನೋವು. ಹಲ್ಲನ್ನು ಕಿತ್ತರೂ ನೋವು ನಿಲ್ಲದು, ಕಿತ್ತ ಕುಳಿ ಮಾಯದು. ವಸಡು ಬಾತು ಕೀವು ತುಂಬಿ, ಕೆನ್ನೆಯಲ್ಲಿಯೋ ಗದ್ದದ ಕೆಳಗೋ ನಾಡೀವ್ರಣಗಳು ತೆರೆದುಕೊಳ್ಳುವುವು. ಸತ್ತ ಮೂಳೆ ಬಾಯೊಳಗೆ ಬರಿದಾಗಿ ಕಾಣುವುದು. ಅದರ ದುರ್ವಾಸನೆ ಎಷ್ಟು ಅಸಹ್ಯವೆಂದರೆ ರೋಗಿಯ ಹತ್ತಿರ ಮನೆಯವರೇ ಕುಳಿತುಕೊಳ್ಳಲಾರದೆ ಹೋಗುತ್ತಿದ್ದರು. ಕೆಲಸ ಬಿಟ್ಟು ವರ್ಷಗಳು ಕಳೆದ ಮೇಲೂ ಇದು ತಲೆದೋರಬಹುದಾಗಿದ್ದುದರಿಂದ ಬಾಯನ್ನು ಮಾತ್ರ ನೋಡಿದ ವೈದ್ಯನು ಮೋಸಹೋಗುತ್ತಿದ್ದನು. ರೋಗಿಯ ಕಸುಬೇನೆಂದು ಕೇಳಬೇಕೆಂದು ಇಟಲಿಯ ರಮಾಟ್ಸೀನಿ 1700ರಲ್ಲಿಯೇ ಬರೆದಿದ್ದನು. ಇಲ್ಲಿ ನಿದಾನಕ್ಕೆ ಆ ಪ್ರಶ್ನೆಯೊಂದೇ ಕೀಲಿಕೈಯಾಯಿತು.

ಚಿಕಿತ್ಸೆಯಲ್ಲಿ ಬೇಗನೆ ಕತ್ತರಿಸಬೇಕೋ, ಕಾಯಬೇಕೋ ಎಂಬುದೇ ವಿವಾದ. ಕಾಯುವವರ ವಾದಕ್ಕೆ ಆಧಾರವಿದ್ದಿತು. ಮೂಳೆಯ ಹೊರಪೊರೆ ಜೀವಂತವಾಗಿದ್ದರೆ ಅದು ಹೊಸ ಮೂಳೆಯನ್ನು ಬೆಳೆಸುತ್ತದೆ. ಸತ್ತ ಭಾಗ ತಾನಾಗಿ ಬೇರ್ಪಟ್ಟಾಗ ತೆಗೆದರೆ ಮುಖದ ಆಕಾರ ಉಳಿಯುತ್ತದೆ. ನ್ಯೂಯಾರ್ಕಿನ ಜೇಮ್ಸ್ ವುಡ್ 1856ರಲ್ಲಿ ಕಡ್ಡಿ ಕಾರ್ಖಾನೆಯ ತರುಣಿಯೊಬ್ಬಳ ಕೆಳದವಡೆಯನ್ನು ಪೂರ್ತಿಯಾಗಿ ತೆಗೆದು, ಪೊರೆಯನ್ನು ಮಾತ್ರ ಉಳಿಸಿದನು. ಅಲ್ಲಿ ಹೊಸ ದವಡೆ ರೂಪುಗೊಂಡಿತು. ಆದರೆ ಅರಿವಳಿಕೆ ಬಂದು ಆಗಿನ್ನೂ ಹತ್ತು ವರ್ಷ. ಕ್ರಿಮಿನಾಶಕ ಶಸ್ತ್ರಚಿಕಿತ್ಸೆ ಇನ್ನೂ ಬಂದಿರಲಿಲ್ಲ. ಕಾಯುವ ತಿಂಗಳುಗಳಲ್ಲಿ ಕೀವು ರಕ್ತಕ್ಕೆ ಸೇರಿ ಸತ್ತವರು ಕಡಮೆಯಿಲ್ಲ.

ಹೊಗೆಯು ಹುಳುಕುಹಲ್ಲಿನ ದಾರಿಯಿಂದ ಮೂಳೆಯನ್ನು ಮುಟ್ಟುತ್ತದೆಂಬ ಮತ ಬಹುಕಾಲ ಪ್ರಬಲವಾಗಿತ್ತು. ಇದರಲ್ಲಿ ಸತ್ಯಾಂಶವಿದ್ದಿತು, ಕಾರ್ಖಾನೆಗಳಲ್ಲಿ ದಂತಪರೀಕ್ಷೆ ಆರಂಭವಾದುದು ಇದರ ಫಲ. ಆದರೆ ದೋಷವನ್ನು ರಂಜಕದ ಮೇಲಿಂದ ಕೆಲಸಗಾರಳ ಹಲ್ಲಿನ ಮೇಲೆ ಹೊರಿಸಲು ಒಡೆಯರಿಗೆ ಅದು ಅನುಕೂಲವಾಯಿತೆಂದು ನನಗೆ ತೋರುತ್ತದೆ. ಹಾನಿಯಿಲ್ಲದ ಕೆಂಪು ರಂಜಕವನ್ನು ವಿಯೆನ್ನಾದ ಶ್ರೋಟರ್ 1840ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದನು. ಎಲ್ಲಿ ಉಜ್ಜಿದರೂ ಹೊತ್ತುವ ಬಿಳಿ ರಂಜಕದ ಕಡ್ಡಿ ಅಗ್ಗವಾಗಿದ್ದುದರಿಂದ ಅದು ನಿಲ್ಲಲಿಲ್ಲ.

ಮುಂದೆ ಭಾರತದ ರಾಜಕಾರಣದಲ್ಲಿ ಹೆಸರಾದ ಆನಿ ಬೆಸೆಂಟ್ 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಹೆಂಗಸರ ಪರವಾಗಿ ಬರೆದರು. ಮುಷ್ಕರ ನಡೆದು ಗೆದ್ದಿತು. ಆ ಮುಷ್ಕರವೇ ರೋಗವನ್ನು ಕೊನೆಗಾಣಿಸಿತೆಂದು ಹೇಳುವುದುಂಟು. ಅದು ಸರಿಯಲ್ಲ. ಅಲ್ಲಿಯ ಮುಖ್ಯ ದೂರು ಜುಲ್ಮಾನೆಗಳದು. ರೋಗದ ಮಟ್ಟಿಗೆ ದೊರೆತುದು ಊಟಕ್ಕೊಂದು ಬೇರೆ ಕೋಣೆ. ರೋಗವನ್ನು ಸರಕಾರಕ್ಕೆ ತಿಳಿಸಬೇಕೆಂಬ 1895ರ ಕಾಯಿದೆ ಬಂದ ಮೇಲೂ ಅದೇ ಸಂಸ್ಥೆ 17 ರೋಗಿಗಳನ್ನು ಮರೆಮಾಡಿದುದು 1898ರಲ್ಲಿ ಹೊರಬಿದ್ದಿತು. ದಂಡ ಸುಮಾರು 25 ಪೌಂಡು.

ಫಿನ್ಲೆಂಡ್ 1872ರಲ್ಲಿ, ಡೆನ್ಮಾರ್ಕ್ 1874ರಲ್ಲಿ ಬಿಳಿ ರಂಜಕವನ್ನು ನಿಷೇಧಿಸಿದ್ದುವು. 1906ರ ಬರ್ನ್ ಒಪ್ಪಂದದ ತರುವಾಯ ಉಳಿದ ದೇಶಗಳು ಒಂದೊಂದಾಗಿ ಅನುಸರಿಸಿದುವು. ಭಾರತದ ನಿಷೇಧ ಕಾಯಿದೆ 1913ರದು.

ರೋಗ ಪಠ್ಯಪುಸ್ತಕಗಳ ಅಡಿಟಿಪ್ಪಣಿಗೆ ಇಳಿದಿದ್ದಾಗ, 2003ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್ 36 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಅದೇ ಮಾಯದ ಕುಳಿ, ಅದೇ ಬರಿದಾದ ಮೂಳೆ. ಇವರು ಕಡ್ಡಿ ಮಾಡಿದವರಲ್ಲ. ಅರ್ಬುದವು ಮೂಳೆಗೆ ಹರಡಿದಾಗಲೂ ಮೂಳೆ ಸವೆದಾಗಲೂ ಕೊಡುವ ಬಿಸ್‌ಫಾಸ್ಫೊನೇಟ್ ಎಂಬ ರಂಜಕಯುಕ್ತ ಔಷಧಿಗಳನ್ನು ಪಡೆದವರು. ಹಲವರಲ್ಲಿ ಕೇಡು ಮೊದಲಾದುದು ಹಲ್ಲು ಕೀಳಿಸಿದ ಜಾಗದಲ್ಲಿ. ಈಗ ಆ ಔಷಧಿಯನ್ನು ಆರಂಭಿಸುವ ಮುನ್ನವೇ ಹಲ್ಲುಗಳನ್ನು ಪರೀಕ್ಷಿಸಿ, ಕೀಳಬೇಕಾದುವನ್ನು ಕಿತ್ತು, ಗಾಯ ಮಾಯುವವರೆಗೆ ಸಾಧ್ಯವಾದಷ್ಟು ಕಾಯುತ್ತಾರೆ.