ಖೋಟಾ ನೋಟಿನ ನಷ್ಟ ಯಾರ ತಲೆಗೆ?



ನೋಟಿನ ಚರಿತ್ರೆ ಅಂದ್ರೆ ರಾಜ, ರಾಣಿ, ಗಾಂಧಿ ಚಿತ್ರಗಳ ಚರಿತ್ರೆ ಅಂತಾರೆ. ನನಗೆ ಅದು ಕಳ್ಳನ ಹಿಂದೆ ಸರ್ಕಾರ ಓಡಿದ ಚರಿತ್ರೆಯಾಗಿ ಕಾಣುತ್ತೆ. 1861ರ ಕಾಯ್ದೆಯ ನಂತರ ಬ್ರಿಟಿಷ್ ಸರ್ಕಾರ ವಿಕ್ಟೋರಿಯಾ ರಾಣಿಯ ಮುಖವಿದ್ದ ನೋಟು ತಂದಿತು. ಖೋಟಾ ಹಾವಳಿ ಎಷ್ಟಾಯ್ತೆಂದರೆ 1867ರಲ್ಲಿ ಅದನ್ನು ಕೈಬಿಟ್ಟು ಬೇರೆ ಮಾದರಿ ತರಬೇಕಾಯ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಅಸಲಿಯಂಥದೇ ನಕಲಿ ಮಾಡಿದರು. ಆಗ ಆರನೇ ಜಾರ್ಜ್ ದೊರೆಯ ಚಿತ್ರ, ವಾಟರ್‌ಮಾರ್ಕ್ ಎರಡೂ ಬದಲಾದವು. ನಮ್ಮ ನೋಟಿನೊಳಗೆ ಭದ್ರತಾ ದಾರ ಮೊದಲು ಬಂದಿದ್ದೂ ಆಗಲೇ. ಗಾಂಧಿ ಸರಣಿ ಬಂದ 1996ರಲ್ಲೇ ಮೈಸೂರಿನ ನೋಟು ಮುದ್ರಣಾಲಯವೂ ಶುರುವಾಯ್ತು. ಈಗ ನೋಟಿನ ಕಾಗದವೂ ಮೈಸೂರಿನಲ್ಲಿ ತಯಾರಾಗುತ್ತೆ.

ಐನೂರರ ನೋಟನ್ನು ಕೈಗೆ ತಗೊಳ್ಳಿ. ಓರೆ ಮಾಡಿದರೆ ದಾರ ಹಸಿರಿನಿಂದ ನೀಲಿಗೆ ತಿರುಗುತ್ತೆ. ಎಡಬಲದ ಅಂಚಿನಲ್ಲಿ ಐದೈದು ಉಬ್ಬುಗೆರೆ, ಬಲಕ್ಕೆ ಉಬ್ಬಿದ ವೃತ್ತ. ನೂರಕ್ಕೆ ನಾಲ್ಕು ಗೆರೆ, ತ್ರಿಕೋನ. ಕಣ್ಣು ಕಾಣದವರ ಬೆರಳಿಗೆ ಅಂತ ಮಾಡಿದ್ದು. ಅಕ್ಷರ ಬಾರದ ನಮ್ಮ ಅವ್ವಂದಿರಿಗೂ ಸಾಕು. ಆದರೆ ಕೇರಿಗೆ ಬಂದು ಯಾರು ಹೇಳಿಕೊಟ್ಟರು?

ಹೇಳಿಕೊಟ್ಟರೂ ಇನ್ನೊಂದು ತೊಡಕಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕಾಯಿ ಸುಲಿಯೋರಿಗೆ, ಕೊಬ್ಬರಿ ಒಡೆಯೋ ಹೆಂಗಸರಿಗೆ ಬಟವಾಡೆ ಆಗೋದು ಕತ್ತಲಾಗೋ ಹೊತ್ತಿಗೆ. ಮಂಡಿಯಲ್ಲಿ ಎಣಿಸೋ ಯಂತ್ರ ಇರುತ್ತೆ, ವ್ಯಾಪಾರಿ ನೋಟನ್ನು ಬಲ್ಬಿಗೆ ಹಿಡಿದು ನೋಡ್ತಾನೆ, ಯಾರೂ ಏನೂ ಅನ್ನಲ್ಲ. ಅದೇ ಕೆಲಸ ನಮ್ಮವನು ಮಾಡಿದರೆ, "ಏನ್ಲಾ, ನನ್ ಮೇಲೇ ಅನುಮಾನವಾ?" ಮುಟ್ಟಿಸಿಕೊಳ್ಳಬಾರದು ಅಂತ ಕೂಲಿಯನ್ನು ಮೇಲಿಂದ ಹಾಕಿಸಿಕೊಂಡ ಹಿರಿಯರ ಮಕ್ಕಳು ನಾವು. ಕೊಟ್ಟಿದ್ದನ್ನು ನೋಡದೆ ಮಡಚಿಡೋ ಅಭ್ಯಾಸ ಅಲ್ಲಿಂದಲೇ ಬಂದಿರೋದು.

ನಮ್ಮ ಪಕ್ಕದ ಕೇರಿಯ ಅಕ್ಕನಿಗೆ ಬಟವಾಡೆಯಲ್ಲಿ ಬಂದ ಐನೂರು ಬ್ಯಾಂಕಿನಲ್ಲಿ ಖೋಟಾ ಅಂತಾಯ್ತು. ಮುದ್ರೆ ಒತ್ತಿ ಇಟ್ಟುಕೊಂಡರು. ಬದಲಿ ದುಡ್ಡು ಕೊಡಲ್ಲ, ನಿಯಮವೇ ಹಾಗಿದೆ. ಹತ್ತು ಕೈ ದಾಟಿ ಬಂದ ನೋಟಿನ ನಷ್ಟ ಕೊನೆಯ ಕೈಗೆ. ಆ ಕೈ ಸಾಮಾನ್ಯವಾಗಿ ಯಾರದು ಅಂತ ಬಿಡಿಸಿ ಹೇಳಬೇಕಾ?

ಬಾಬಾಸಾಹೇಬರು 1923ರಲ್ಲಿ 'ದಿ ಪ್ರಾಬ್ಲಮ್ ಆಫ್ ದಿ ರುಪೀ' ಬರೆದಾಗ ಎತ್ತಿದ್ದೂ ಇಂಥದೇ ಮಾತು: ರೂಪಾಯಿ ಮೌಲ್ಯ ಕುಸಿದಾಗ ಬೆಲೆಯಷ್ಟು ಬೇಗ ಕೂಲಿ ಏರಲ್ಲ, ಉದ್ಯಮಿಯ ಲಾಭ ಕೂಲಿಕಾರನ ಹೊಟ್ಟೆಯಿಂದ ಬರುತ್ತೆ. (ಆರ್‌ಬಿಐ ಸ್ಥಾಪಿಸಿದ್ದೇ ಅವರು ಅಂತ ವಾಟ್ಸಾಪಿನಲ್ಲಿ ಹಾಕ್ತೀರಲ್ಲ, ಸ್ವಲ್ಪ ನಿಧಾನಿಸಿ. ಹಿಲ್ಟನ್ ಯಂಗ್ ಆಯೋಗದ ಮುಂದೆ ಅವರು ಸಾಕ್ಷ್ಯ ಹೇಳಿದ್ದು ದಾಖಲೆಯಲ್ಲಿದೆ. ಆ ಆಯೋಗದ ಶಿಫಾರಸಿನ ದಾರಿಯಲ್ಲೇ 1935ರಲ್ಲಿ ಆರ್‌ಬಿಐ ಬಂತು. ಅಷ್ಟು ಸತ್ಯವೇ ಸಾಕಷ್ಟು ದೊಡ್ಡದು.)

ಆ ಅಕ್ಕ ನಷ್ಟಕ್ಕಿಂತ ಹೆಚ್ಚಾಗಿ ಹೆದರಿದ್ದು ಪೊಲೀಸರಿಗೆ. ಗೊತ್ತಿಲ್ಲದೆ ಕೈಗೆ ಬಂದ ಖೋಟಾ ನೋಟು ಇಟ್ಟುಕೊಂಡಿದ್ದು ಅಪರಾಧವಲ್ಲ. ನಕಲಿ ಅಂತ ತಿಳಿದೂ ಚಲಾಯಿಸೋದು ಅಪರಾಧ. ಒಂದು ಸಲಕ್ಕೆ ನಾಲ್ಕರವರೆಗೆ ಸಿಕ್ಕರೆ ಬ್ಯಾಂಕು ತಿಂಗಳ ವರದಿಯಲ್ಲಿ ಪೊಲೀಸರಿಗೆ ತಿಳಿಸುತ್ತೆ, ಐದು ಅಥವಾ ಹೆಚ್ಚಿದ್ದರೆ ಎಫ್‌ಐಆರ್. ಎರಡರಲ್ಲೂ ನೋಟು ಇಟ್ಟುಕೊಂಡಿದ್ದಕ್ಕೆ ರಸೀದಿ ಕೊಡಲೇಬೇಕು. ಅಕ್ಕನಿಗೆ ಕೊಟ್ಟಿರಲಿಲ್ಲ. ಮಾರನೇ ದಿನ ನಾಲ್ಕು ಜನ ಹೋಗಿ ಕೇಳಿ ಬರೆಸಿಕೊಂಡು ಬಂದೆವು.